ಕಾರ್ಲೀನ್ ಕೇಳಿದ ಸವಾರಿ

ಡೆಲ್ಮರ್ ಪ್ರೂಯಿಟ್‌ನ ಶನಿವಾರ ಹಾಳಾದದ್ದು ಒಂದು ಚೆರ್ರಿ ಹಣ್ಣಿನ ಪೈಯಿಂದ. ಮಧ್ಯಾಹ್ನ ಒಂದಕ್ಕೆ ಕೆರೆಯಾಚೆಯ ಮನೆಯೊಂದಕ್ಕೆ ಹೋಗಬೇಕಾಗಿದ್ದವನು, ಬರಿಗೈಯಲ್ಲಿ ಹೇಗೆ ಹೋಗುವುದೆಂದು ಬೇಕರಿಯ ಕಡೆಗೆ ಕಾರು ತಿರುಗಿಸಿದ. ಬೇಕರಿ ಇದ್ದದ್ದು ಮುಖ್ಯ ಬೀದಿಯಲ್ಲಿ. ಆ ಬೀದಿಯಲ್ಲಿ ಅವತ್ತು ಬರ್ಚ್‌ಫೀಲ್ಡ್ ಊರಿನ ಹಳೇ ಕಾರುಗಳ ಮೇಳ. ಪೈ ಹಿಡಿಯಲು ಹೋದವನು ಪೈಪೋಟಿಯಲ್ಲಿ ಸಿಕ್ಕಿಬಿದ್ದ.

ವರ್ಷಾ ವರ್ಷಾ ನಡೆಯುವ ಮೇಳವನ್ನು ಮರೆಯಲು ಕಾರಣವಿತ್ತು. ಗುರುವಾರ ಬಂದ ಒಂದು ಫೋನು ಅವನ ತಲೆಯೊಳಗಿನ ಮಿಕ್ಕ ಸಾಮಾನನ್ನೆಲ್ಲ ಬೀದಿಗೆ ಎಸೆದಿತ್ತು.

"ಡೆಲ್? ನಾನು ಕಾರ್ಲೀನ್."

ಐವತ್ತು ವರ್ಷದ ಹಿಂದೆ, ಒಂದೇ ಒಂದು ಬೇಸಿಗೆ, ಡೆಲ್ಮರನ ಪಕ್ಕದ ಸೀಟಿನಲ್ಲಿ ಕೂತು ಕೆರೆ ರಸ್ತೆಯ ಉದ್ದಗಲ ಅಳೆದ ಹುಡುಗಿ. ಕಾರ್‌ನಲ್ಲಿ ಲೀನಳಾದ್ದರಿಂದಲೇ ಕಾರ್ಲೀನ್ ಎಂದು ಅವನು ನಂಬಿದ್ದ. ಎಲೆ ಉದುರುವ ಕಾಲಕ್ಕೆ ಅವಳನ್ನು ಒಬ್ಬ ಹಲ್ಲಿನ ಡಾಕ್ಟರು ಮದುವೆಯಾಗಿ ಅರಿಜೋನಾಕ್ಕೆ ಕರೆದುಕೊಂಡು ಹೋದ. ಬೇರುಸಮೇತ ಕೀಳುವುದು ಅವನ ಕಸುಬು. ಡೆಲ್ಮರನಿಗೆ ಮಾತ್ರ ಮರಗಟ್ಟಿಸುವ ಸೂಜಿ ಕೊಡಲಿಲ್ಲ. ಡೆಲ್ಮರ್ ಆಮೇಲೆ ಮದುವೆಯಾಗಲಿಲ್ಲ. ಯಾರಾದರೂ ಕೇಳಿದರೆ, "ಪುರುಸೊತ್ತೇ ಆಗಲಿಲ್ಲ" ಎನ್ನುತ್ತಿದ್ದ.

"ನಿನ್ನ ಆ ಕಾರು ಇನ್ನೂ ಇದೆಯಾ?" ಎಂದಳು ಕಾರ್ಲೀನ್.

"ಇ... ಇದೆ."

"ಬಣ್ಣ ಗಿಣ್ಣ ಹೊಡೆಸಿ ಹೊಸದು ಮಾಡಿಬಿಟ್ಟಿಲ್ಲ ತಾನೆ?"

"ಇಲ್ಲ ಇಲ್ಲ. ಹಾಗೇ ಇದೆ. ಹಾಗಿದ್ದದ್ದಕ್ಕಿಂತ ಸ್ವಲ್ಪ ಕೆಟ್ಟಿದೆ."

"ಒಳ್ಳೇದಾಯ್ತು! ನಮ್ಮವರು ಹೋಗಿ ಮೂರು ವರ್ಷ ಆಯ್ತು ಡೆಲ್. ತಂಗಿ ಮನೆಗೆ ಬಂದಿದೀನಿ. ಶನಿವಾರ ಸಂಜೆ ಆರಕ್ಕೆ ನನ್ನ ಬಸ್ಸು. ಅಷ್ಟರೊಳಗೆ ಆ ಕಾರಲ್ಲಿ ಕೆರೆ ರಸ್ತೇಲಿ ಒಂದು ಸಲ ಹೋಗ್ಬೇಕು. ಎಷ್ಟು ವರ್ಷದ ಆಸೆ ಗೊತ್ತಾ?"

ಗೊತ್ತಿಲ್ಲದೆ ಏನು? ಅದೇ ಆಸೆ ದಿನಾ ಸಂಜೆ ಅವನ ಪಕ್ಕದ ಖಾಲಿ ಸೀಟಿನಲ್ಲಿ ಕೂತು ಬರುತ್ತಿತ್ತು.

ಕಾರಿನ ವಿಷಯವನ್ನೂ ಹೇಳಿಬಿಡಬೇಕು. ಎಪ್ಪತ್ತನೇ ಇಸವಿಯದು, ಎರಡು ಬಾಗಿಲು, ಎಂಟು ಸಿಲಿಂಡರು. ಆ ಕಾಲದ ಇಂಥ ಗರಡಿಮೈ ಕಾರುಗಳಿಗೆ ಅಲ್ಲಿಯವರು ಮಸಲ್ ಕಾರು ಎನ್ನುತ್ತಾರೆ. ಡೆಲ್ಮರನದಕ್ಕೆ ಮಾಂಸಖಂಡ ಇನ್ನೂ ಗಟ್ಟಿ, ಚರ್ಮ ಮಾತ್ರ ಹೋಗಿತ್ತು. ನೀಲಿ ಬಣ್ಣ ಎಲ್ಲಿ ಮುಗಿದು ತುಕ್ಕು ಎಲ್ಲಿ ಶುರುವಾಗುತ್ತದೆಂದು ಹೇಳಲು ಮೋಜಣಿದಾರನೇ ಬರಬೇಕು. ಆ ಊರಿರುವ ಮಿಷಿಗನ್ ರಾಜ್ಯದಲ್ಲಿ ಚಳಿಗಾಲದ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ. ಉಪ್ಪು ತಿಂದದ್ದು ನೀರು ಕುಡಿಯಲೇಬೇಕಲ್ಲ, ಇದರ ರೇಡಿಯೇಟರು ಹತ್ತು ಮೈಲಿಗೊಂದು ಚೊಂಬು ಕುಡಿಯುತ್ತಿತ್ತು. ಕಂಪನಿಯ ಹೆಸರಿನ ಅಕ್ಷರಗಳು ಉದುರಿಹೋಗಿದ್ದವು, ಆದ್ದರಿಂದ ನಾವೂ ಹೇಳುವುದು ಬೇಡ. ಆದರೆ ಕೀಲಿ ತಿರುಗಿಸಿದರೆ ಗುಡು-ಗುಡು-ಭಡ್ ಎಂದು ಸಿಡಿಲು ಆಕಳಿಸಿದ ಹಾಗೆ ಎದ್ದು ಕೂರುತ್ತಿತ್ತು.

ಬಣ್ಣ ಹೊಡೆಸದೆ ಇದ್ದದ್ದಕ್ಕೆ ಒಂದು ಗುಟ್ಟಿತ್ತು. ಮುಂದಿನ ಬಲ ಚಕ್ರದ ಮೇಲಿನ ತಗಡಿನ ಬಣ್ಣದಲ್ಲಿ ಜೋಡಿ ಗೀರು. ಆ ಬೇಸಿಗೆಯಲ್ಲಿ ಕಾರ್ಲೀನ್ ಅಲ್ಲಿ ಹತ್ತಿ ಕೂತಾಗ ಅವಳ ಜೀನ್ಸಿನ ಹಿತ್ತಾಳೆ ಗುಂಡಿ ಎಳೆದದ್ದು. ಬೇರೆಯವರು ಪ್ರೇಮಪತ್ರ ಇಟ್ಟುಕೊಳ್ಳುವಂತೆ ಡೆಲ್ಮರ್ ಆ ಗೀರು ಇಟ್ಟುಕೊಂಡಿದ್ದ.

ಬೀದಿಯ ತಿರುವಿನಲ್ಲಿ ಕಿತ್ತಳೆ ಬಣ್ಣದ ಮೇಲಂಗಿ ತೊಟ್ಟು, ಮೇಳದ ಸ್ವಯಂಸೇವಕ ಮರ್ಲ್ ನಿಂತಿದ್ದ. ಡೆಲ್ಮರ್ ಸ್ಟಿಯರಿಂಗ್ ಮೇಲಿಂದ ಎರಡು ಬೆರಳೆತ್ತಿದ. ಅದು ಆ ಕಡೆಯ ನಮಸ್ಕಾರ. ಎದುರು ಬಂದದ್ದು ದನವಾದರೂ ಬೆರಳು ತಾನಾಗಿ ಏಳುತ್ತದೆ. ಮೇಳದ ದಿನ, ಇಂಥ ಕಾರಿನಲ್ಲಿ ಕೂತು ಬೆರಳೆತ್ತಿದವನು ಮೇಳಕ್ಕಲ್ಲದೆ ಇನ್ನೆಲ್ಲಿಗೆ ಬಂದಾನು? ಮರ್ಲ್ ಕೈ ಬೀಸತೊಡಗಿದ.

"ಬಾ ಬಾ ಬಾ... ಎಡಕ್ಕೆ... ಇನ್ನೂ ಎಡಕ್ಕೆ... ಹಾಂ, ಸಾಕು! ಕೊನೆಗೂ ತಂದ್ಯಲ್ಲೋ ಮಾರಾಯ!"

"ನಾನು ಪೈ ತಗೊಳ್ಳೋಕೆ ಬಂದೆ ಮರ್ಲ್!"

"ನಾಚ್ಕೋಬೇಡ. ಮೊದಲ ಸಲ ಎಲ್ಲರೂ ಹಂಗೇ ಅನ್ನೋದು."

ಹಿಂದೆ ನಾಲ್ಕು ಕಾರು ಬಂದು ನಿಂತವು. ಮುಂದೆ ಹಗ್ಗ ಕಟ್ಟಿದರು.

"ಮರ್ಲ್, ನಾನು ಒಂದು ಗಂಟೆಗೆ ಕೆರೆಯಾಚೆ ಇರ್ಬೇಕು. ಹಗ್ಗ ಬಿಚ್ಚು."

"ನಾಲ್ಕಕ್ಕೆ ಬಿಚ್ತೀನಿ. ಬಹುಮಾನ ಕೊಡೋ ತನಕ ಒಂದು ಎಂಜಿನ್ನೂ ಕೆಮ್ಮಂಗಿಲ್ಲ. ಮಕ್ಕಳುಮರಿ ಓಡಾಡ್ತಾವೆ. ನಿಯಮ."

"ಯಾವ ಪುಣ್ಯಾತ್ಮ ಮಾಡಿದ್ದು ಆ ನಿಯಮ?"

"ಹೋದ ವರ್ಷದ ಸಭೇಲಿ ನೀನೇ ಮೊದಲು ಕೈ ಎತ್ತಿದ್ದು!"

ಡೆಲ್ಮರನಿಗೆ ನೆನಪಾಯಿತು. ಅವನು ಕೈ ಎತ್ತಿದ್ದು ಇನ್ನೊಂದು ಲೋಟ ಕಾಫಿಗೆ.

ಫೋನು ಮನೆಯಲ್ಲಿ. ಕಾರ್ಲೀನಳ ತಂಗಿಯ ನಂಬರು ಆ ಫೋನಿನೊಳಗೆ. ನಡೆದು ಹೋಗೋಣವೆಂದರೆ ಹೋಗಬಹುದಿತ್ತು. ಆದರೆ ಅವಳು ಕೇಳಿದ್ದು ಕಾರನ್ನು. ಕಾರಿಲ್ಲದೆ ಬಾಗಿಲು ಬಡಿದರೆ ತಾನು ಬರೀ ಮಂಡಿನೋವಿನ ಡೆಲ್ಮರ್. ಕಾರಿನಲ್ಲಿದ್ದರೆ ಮಾತ್ರ, ಕಿಟಕಿಯ ಚೌಕಟ್ಟಿನೊಳಗೆ, ಇನ್ನೂ ಆ ಬೇಸಿಗೆಯ ಹುಡುಗ.

ಪಕ್ಕದಲ್ಲಿ ನಿಂತಿದ್ದದ್ದು ಪಕ್ಕದ ಮನೆಯ ಗ್ಲೆನ್ ಹಾಡ್ಜ್‌ನ ಕೆಂಪು ಕಾರು. ಅದೂ ಅದೇ ಕಾಲದ್ದೇ. ಆದರೆ ಬಿಚ್ಚಿ, ಉಜ್ಜಿ, ಹೊಸದಾಗಿ ಬಣ್ಣ ಬಳಿಸಿದ್ದು, ಮುತ್ತಜ್ಜಿಗೆ ಮದುವಣಗಿತ್ತಿಯ ಸಿಂಗಾರ ಮಾಡಿದ ಹಾಗೆ. ಗ್ಲೆನ್ ಅದನ್ನು ಟ್ರೇಲರಿನ ಮೇಲೆ ಹೊತ್ತು ತರುತ್ತಿದ್ದ. ವರ್ಷಕ್ಕೆ ಅದು ಓಡುವುದು ಟ್ರೇಲರಿನ ಹಲಗೆಯ ಉದ್ದ. ಈಗ ಅವನು ಕಿವಿಕಡ್ಡಿಯಿಂದ ಚಕ್ರದ ನಟ್ಟುಗಳ ಸಂದಿ ಒರೆಸುತ್ತಿದ್ದ.

"ನಿಧಾನ ಕಣಯ್ಯ!" ಎಂದ ಗ್ಲೆನ್. "ಹಂಗೆ ಬಾಗಿಲು ಬಡಿದ್ರೆ ನಿನ್ನ ತುಕ್ಕೆಲ್ಲ ನನ್ನ ಕಾರಿನ ಮೇಲೆ ಬೀಳುತ್ತೆ."

"ನಿನ್ನದಕ್ಕೆ ತುಕ್ಕಿನ ರುಚಿಯಾದರೂ ಗೊತ್ತಾಗ್ಲಿ ಬಿಡು. ರಸ್ತೆ ರುಚಿಯಂತೂ ಗೊತ್ತಿಲ್ಲ."

ಎರಡು ಗಂಟೆಯ ಹೊತ್ತಿಗೆ ಡೆಲ್ಮರನಿಗೊಂದು ಉಪಾಯ ಹೊಳೆಯಿತು. ಎಂಜಿನ್ ಕೆಮ್ಮಬಾರದು ತಾನೆ? ತಳ್ಳಿದರೆ? ಮರ್ಲ್ ಸಾಸೇಜು ತಿನ್ನಲು ಹೋದ ಸಮಯ ನೋಡಿ, ಹಗ್ಗ ಸಡಿಲಿಸಿ, ಗೇರು ತೆಗೆದು, ಬಾಗಿಲ ಚೌಕಟ್ಟಿಗೆ ಹೆಗಲು ಕೊಟ್ಟ. ಕಾರು ಮುಂದೆ ಒಂದಡಿ ಸರಿಯಿತು. ಎರಡಡಿ. ಮೂರನೆಯ ಅಡಿಗೆ ಗ್ಲೆನ್ ಕೂಗಿದ.

"ಅಯ್ಯೋ, ಡೆಲ್‌ನ ಕಾರು ಜಾರ್ತಾ ಇದೆ! ಬನ್ರೋ, ಹಿಡೀರೋ!"

ಆ ಊರಿನಲ್ಲಿ ಕಷ್ಟ ಎಂದರೆ ಸಾಕು, ಕೇಳದೆ ಬಂದು ಮಾಡಿಬಿಡುತ್ತಾರೆ. ಏಳೆಂಟು ಗಂಡಸರು ಓಡಿ ಬಂದು ಐಸಾ ಎಂದು ಕಾರನ್ನು ಹಿಂದಕ್ಕೆ ತಳ್ಳಿ, ಮೊದಲಿಗಿಂತ ನೆಟ್ಟಗೆ ನಿಲ್ಲಿಸಿ, ಚಕ್ರಗಳಿಗೆ ಮರದ ತುಂಡು ಕೊಟ್ಟರು.

"ಥ್ಯಾಂಕ್ಸ್ ಹೇಳೋದೇನೂ ಬೇಡ," ಎಂದ ಒಬ್ಬ.

"ಹೇಳ್ತಿಲ್ಲ," ಎಂದ ಡೆಲ್ಮರ್.

ಏದುಸಿರು ಬಿಡುತ್ತ ತಿರುಗಿ ನೋಡುತ್ತಾನೆ, ಗ್ಲೆನ್ ಮೇಣದ ಡಬ್ಬಿ ತೆರೆದು, ಹತ್ತಿ ಬಟ್ಟೆ ಅದ್ದಿ, ಬಲಗಡೆಯ ಆ ಜಾಗಕ್ಕೇ ಕೈ ಹಾಕುತ್ತಿದ್ದಾನೆ!

"ಮುಟ್ಟಬೇಡ!"

"ಎರಡು ಗೀರು ಇದೆ ಕಣೋ. ಒಂದು ನಿಮಿಷ, ಮಾಯ ಮಾಡಿಬಿಡ್ತೀನಿ. ನೆರೆಹೊರೆ ಅಂತ ಇರೋದು ಯಾಕೆ?"

"ಮಾಯ ಆಗಬೇಕಾದ್ದು ನೀನು!" ಎಂದು ಡೆಲ್ಮರ್ ಕಾರಿಗೂ ಬಟ್ಟೆಗೂ ನಡುವೆ ತನ್ನ ಹೊಟ್ಟೆಯನ್ನು ತೂರಿಸಿದ. ಗ್ಲೆನ್ ಒಂದಿಷ್ಟು ಹೊತ್ತು ಅವನ ಅಂಗಿಗೇ ಹೊಳಪು ಕೊಟ್ಟ.

ಮೂರಕ್ಕೆ ತೀರ್ಪುಗಾರ ಓರ್ವಿಲ್ ಸ್ಕಾಗ್ಸ್ ಬಂದ. ಒಂದು ಕೈಯಲ್ಲಿ ಮೈಕು. ಅವನ ಮಾತು ಬೀದಿಯ ಧ್ವನಿವರ್ಧಕಗಳಲ್ಲೂ ಊರಿನ ರೇಡಿಯೋದಲ್ಲೂ ಒಟ್ಟಿಗೇ ಮೊಳಗುತ್ತಿತ್ತು. ಪಾದ್ರಿಯಾಗಬೇಕೆಂದಿದ್ದು ಹರಾಜು ಕೂಗುವವನಾದ ಗಂಟಲು.

"ಮಹನೀಯರೇ-ಏ! ಇದೀಗ ನಾವು 'ಕೈ ಮುಟ್ಟದ ಕಾರು' ವಿಭಾಗಕ್ಕೆ ಬಂದಿದ್ದೇವೆ-ಏ! ಕಾರ್ಖಾನೆ ಬಿಟ್ಟ ಮೇಲೆ ಹೊಸ ಬಣ್ಣ ಕಾಣದ, ಇದ್ದ ಹಾಗೇ ಇರುವ ಕಾರುಗಳು-ಊ!"

ಡೆಲ್ಮರನಿಗೆ ಇನ್ನೊಂದು ದಾರಿ ಕಂಡಿತು. ಅನರ್ಹನೆಂದರೆ ಈಗಲೇ ಹೊರಗೆ ಹಾಕಬಹುದಲ್ಲ!

"ಸ್ವಾಮಿ, ನನ್ನದು ಲಾಯಕ್ಕಿಲ್ಲ. ಬಂಪರು ಬೇಲಿ ತಂತಿ ಕಟ್ಟಿ ನಿಲ್ಲಿಸಿದೀನಿ."

"ಯಾವ ಕಾಲದ ತಂತಿ?"

"ಎಂಬತ್ತರ ಸುಮಾರಿಂದು."

"ಆಹಾ! ಆ ಕಾಲದ್ದೇ ತಂತಿ-ಈ!"

"ನೆಲದಲ್ಲಿ ತೂತಿದೆ. ರಸ್ತೆ ಕಾಣುತ್ತೆ."

"ತೂತಿಗೆ ತಗಡು ಬಡಿಸಿದ್ದೀರಾ?"

"ಇಲ್ಲ."

"ತೂತೂ ಅಸಲಿ-ಈ!" ಜನ ಚಪ್ಪಾಳೆ ತಟ್ಟಿದರು. "ಈ ಜೋಡಿ ಗೀರು ಏನು?"

ಡೆಲ್ಮರ್ ಸುಳ್ಳು ಹೇಳಬಹುದಿತ್ತು. ಆದರೆ ಐವತ್ತು ವರ್ಷದಲ್ಲಿ ಆ ಗೀರಿನ ಬಗ್ಗೆ ಅವನನ್ನು ಯಾರಾದರೂ ಕೇಳಿದ್ದು ಇದೇ ಮೊದಲು.

"ಅದು... ಒಬ್ಬಳು ಹುಡುಗಿ ಕೂತಿದ್ದು. ಜೀನ್ಸ್ ಗುಂಡಿ. ಕಾರ್ಲೀನ್ ಅಂತ. ಅವಳು ಈಗ ಕೆರೆಯಾಚೆ ನನಗೆ ಕಾಯ್ತಿದಾಳೆ. ನೀವೆಲ್ಲ ಸೇರ್ಕೊಂಡು ನನ್ನ ಇಲ್ಲಿ ಕಟ್ಟಿಹಾಕಿದೀರಿ."

ಯಾರೋ ಮೂಗೆಳೆದರು. ಮರ್ಲ್ ಕೂಡ ಕಣ್ಣೊರೆಸಿಕೊಂಡ. ಹಗ್ಗ ಮಾತ್ರ ಬಿಚ್ಚಲಿಲ್ಲ. ನಿಯಮ ನಿಯಮವೇ.

ನಾಲ್ಕಕ್ಕೆ ಡೆಲ್ಮರನ ಕೈಗೆ ಮೊಳದುದ್ದದ ಬಹುಮಾನದ ಬಟ್ಟಲು ಬಂತು. ಚಕ್ರದ ತುಂಡು ಒದ್ದು, ಹಗ್ಗ ಎಸೆದು, ಇನ್ನೇನು ಬಾಗಿಲು ತೆರೆಯಬೇಕು, ಜನರ ನಡುವೆ ದಾರಿ ಮಾಡಿಕೊಂಡು ಒಬ್ಬ ಹೆಂಗಸು ಬಂದಳು. ಬೆಳ್ಳಿಯಂಥ ಗಿಡ್ಡ ಕೂದಲು, ನಡಿಗೆಯ ಬೂಟು. ನಗು ಮಾತ್ರ ಇದ್ದ ಹಾಗೇ ಇತ್ತು, ಕೈ ಮುಟ್ಟದ್ದು.

"ತಂಗಿ ಅಡುಗೆಮನೇಲಿ ರೇಡಿಯೋ ಹಾಕಿದ್ಲು. ಓಡಿ ಬಂದೆ," ಎಂದಳು ಕಾರ್ಲೀನ್. "ಆ ಗೀರು ನಂದಂತೆ?"

ಡೆಲ್ಮರ್ ತಲೆಯಾಡಿಸಿದ.

"ನಂದಲ್ವೋ ಡೆಲ್! ಇದರ ಮೇಲೆ ಕೂರೋಕೆ ನೀನು ಎಲ್ಲಿ ಬಿಟ್ಟೆ? ನಾನು ಒರಗಿಕೊಂಡರೆ ನೀನು ಕರ್ಚೀಫು ಹಾಸ್ತಿದ್ದೆ. ನನ್ನ ಬೆನ್ನಿಗಲ್ಲ, ಬಣ್ಣಕ್ಕೆ. ದಿನಾ ನಿಂದು ಅದೇ ರಾಗ, ಬಾಗಿಲು ಮೆಲ್ಲಗೆ ಹಾಕು, ಐಸ್‌ಕ್ರೀಮು ಹೊರಗೆ ತಿಂದು ಬಾ, ಕಾಲು ಒರೆಸ್ಕೊಂಡು ಹತ್ತು..."

ಗ್ಲೆನ್ ಮೆಚ್ಚುಗೆಯಿಂದ ಡೆಲ್ಮರನನ್ನು ನೋಡಿದ.

"ಹಾಗಾದ್ರೆ ಇದು ಯಾರದು?" ಎಂದ ಡೆಲ್ಮರ್.

"ನಂಗೇನು ಗೊತ್ತು? ಯಾವಳದೋ!"

ಆ ಯಾವಳೋ ಯಾರೆಂದು ಡೆಲ್ಮರನಿಗೆ ಗೊತ್ತಿದ್ದರೆ ಅವನ ಬಾಳೇ ಬೇರೆಯಾಗುತ್ತಿತ್ತು.

ಆದರೇನಂತೆ, ಅವಳು ಬಂದಿದ್ದಾಳೆ. ಅವಳ ಬಸ್ಸಿಗೆ ಇನ್ನೂ ಎರಡು ಗಂಟೆಯಿದೆ, ಕೆರೆ ರಸ್ತೆಯಿದೆ. ಡೆಲ್ಮರ್ ಬಟ್ಟಲನ್ನು ಕಂಕುಳಲ್ಲಿ ಇರುಕಿಕೊಂಡು, ಪಕ್ಕದ ಸೀಟಿನ ಬಾಗಿಲನ್ನು ಅರಮನೆಯ ದ್ವಾರಪಾಲಕನ ಹಾಗೆ ತೆರೆದು ನಿಂತ. ಕಾರ್ಲೀನ್ ಕಾರನ್ನು ಬಳಸಿಕೊಂಡು ಆಚೆ ಬದಿಗೆ ಹೋದಳು. ಸ್ಟಿಯರಿಂಗಿನ ಮುಂದೆ ಕೂತು, ಸೀಟು ಮುಂದಕ್ಕೆಳೆದು, ಕೈ ಚಾಚಿದಳು.

"ಕೀ ಕೊಡು."

"ನೀನಾ?"

"ಮತ್ತೆ ಯಾರು? ಆ ಬೇಸಿಗೆ ಪೂರ್ತಿ ಕೇಳಿದೆ, ಒಂದೇ ಒಂದು ಸಲ ಓಡಿಸ್ತೀನಿ ಅಂತ. 'ಗೀರು ಬಿದ್ದರೆ?' ಅಂದೆ ನೀನು. ಅದಕ್ಕೇ ಗುರುವಾರ ಮೊದಲು ಅದನ್ನೇ ಕೇಳಿದ್ದು, ಬಣ್ಣ ಹೊಡೆಸಿದೀಯಾ ಅಂತ. ಈಗ ನೋಡು, ಎಷ್ಟು ಚೆನ್ನಾಗಿದೆ! ಹೆದರಿಕೊಳ್ಳೋಕೆ ಏನೂ ಉಳಿದಿಲ್ಲ."

ಡೆಲ್ಮರ್ ಕೀಲಿ ಕೊಟ್ಟ. ಹೋಗಲಿ, ಯಾರು ಓಡಿಸಿದರೇನು, ಜೊತೆಗೆ ಕೂತರಾಯಿತು. ಬಟ್ಟಲನ್ನು ಗ್ಲೆನ್‌ನ ಕೈಗೆ ದಾಟಿಸಿ ಒಂದು ಕಾಲು ಒಳಗಿಟ್ಟ.

ಕಾರ್ಲೀನ್ ಖಾಲಿ ಸೀಟಿನ ಮೇಲೆ ಮೆಲ್ಲಗೆ ಅಂಗೈ ಇಟ್ಟಳು.

"ಇಲ್ಲಿ ಯಾರೂ ಬೇಡ ಡೆಲ್. ಬೇಜಾರು ಮಾಡ್ಕೋಬೇಡ. ಮೊದಲು ಅಪ್ಪ, ಆಮೇಲೆ ನಮ್ಮವರು, ಈಗ ಮಗ. ನಾನು ಯಾವಾಗ ಓಡಿಸಿದರೂ ಪಕ್ಕದಲ್ಲಿ ಒಬ್ಬ ಗಂಡಸು ಕೂತು 'ನಿಧಾನ, ನಿಧಾನ' ಅಂತಿರ್ತಾನೆ. ಒಂದು ಸಲ ಆ ಸೀಟು ಖಾಲಿ ಇರಲಿ. ಐದೂವರೆಗೆ ತಂದು ಇಲ್ಲೇ ನಿಲ್ಲಿಸ್ತೀನಿ."

"ನಾನು ಹಾಗನ್ನಲ್ಲ," ಎಂದ ಡೆಲ್ಮರ್. "ಆಣೆ ಮಾಡಿ ಹೇಳ್ತೀನಿ."

ಅವಳ ಅಂಗೈ ಸೀಟಿನಿಂದ ಏಳಲಿಲ್ಲ, ಡೆಲ್ಮರ್ ಕಾಲು ಹೊರಗೆಳೆದು ಬಾಗಿಲು ಹಾಕಿದ. ಅವಳು ಕೀಲಿ ತಿರುಗಿಸಿದಳು. ಗುಡು-ಗುಡು-ಭಡ್! ಗೇರು ಕರಕರ ಎಂದಿತು. ಚಕ್ರ ಗಿರ್ರನೆ ತಿರುಗಿ ಹೊಗೆಯೆದ್ದಿತು, ಕಾರು ಹಗ್ಗ ಹರಿದ ಹೋರಿಯಂತೆ ನೆಗೆಯಿತು. ಬೀದಿಯ ಮಂದಿಯೆಲ್ಲ ಹೋ ಎಂದು ಬದಿಗೆ ಸರಿದರು.

"ನಿಧಾನ!" ಎಂದು ಕಿರುಚಿತು ಒಂದು ಗಂಡು ದನಿ.

ಯಾರದೆಂದು ಡೆಲ್ಮರ್ ಅತ್ತಿತ್ತ ನೋಡಿದ. ಗ್ಲೆನ್ ಅವನ ಭುಜ ತಟ್ಟಿದ.

ಕಾರು ಬೇಕರಿ ದಾಟಿತು, ಚರ್ಚು ದಾಟಿತು, ಕೆರೆ ರಸ್ತೆಗೆ ಹೊರಳಿ ಮರೆಯಾಯಿತು. ಸದ್ದು ಮಾತ್ರ ಉಳಿಯಿತು, ಏರುತ್ತ, ಇಳಿಯುತ್ತ, ಮರಗಳಾಚೆ ನೀರಿನ ಮೇಲೆ ತೇಲಿ ಬರುತ್ತ. ಐವತ್ತು ವರ್ಷ ಅದರೊಳಗೇ ಕೂತಿದ್ದವನು ಅದನ್ನು ಹೊರಗೆ ನಿಂತು ಕೇಳಿದ್ದು ಇದೇ ಮೊದಲು. ದೂರ ಹೋಗುವಾಗ ಅದು ಇಷ್ಟು ಚಂದ ಕೇಳುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ.