ಬಾಗಿಲಲ್ಲಿ ನಿಂತು ಗೆದ್ದ ಜಮೀನು

ಇಸವಿ ಎರಡು ಸಾವಿರದ ಐದು, ಮಾರ್ಚ್ ಇಪ್ಪತ್ತೇಳು, ಭಾನುವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಸ್ಥಳ, ಹುಣಸೂರಿನ ನಮ್ಮ ಮನೆಯ ಮುಂದಿನ ಕೋಣೆ. ಹಾಜರಿದ್ದವರು ನಾನು, ನನ್ನ ಹೆಂಡತಿ ಜಯಮ್ಮ, ಸೊಸೆ ಮಂಜುಳ, ಮತ್ತು ಹಲ್ಲಿಲ್ಲದ ನನ್ನ ಬಾಮೈದ ಜವರೇಗೌಡ. ಏನು ಬರೆಯಲು ಕೂತರೂ ಹೀಗೆ ಶುರು ಮಾಡದಿದ್ದರೆ ನನ್ನ ಕೈ ಓಡುವುದಿಲ್ಲ. ಮೂವತ್ತೊಂದು ವರ್ಷ ನೀರಾವರಿ ಕೆಲಸದಲ್ಲಿದ್ದವನು ನಾನು. ಬೀಚನಹಳ್ಳಿಯ ಅಣೆಕಟ್ಟಿನಲ್ಲಿ ದಿನಾ ಬೆಳಿಗ್ಗೆ ಆರಕ್ಕೆ ನೀರಿನ ಮಟ್ಟ ನೋಡಿ ಬರೆಯುವುದರಿಂದ ಹಿಡಿದು, ನಾಲೆಯ ತೂಬು ಎತ್ತಿ ಇಳಿಸುವ ಸೌಡಿಯಾಗಿ, ಕೊನೆಗೆ ಸೌಡಿಗಳ ಮೇಲೆ ಕಣ್ಣಿಡುವವನಾಗಿ ನಿವೃತ್ತನಾದೆ. ನಮ್ಮ ಮದುವೆಯ ಮುಹೂರ್ತ ಏಳು ನಿಮಿಷ ತಡವಾಗಿದ್ದನ್ನು ನಾನು ಇಂದಿಗೂ ಮರೆತಿಲ್ಲ. ಅದನ್ನು ನಾನು ಎಷ್ಟು ಸಲ ಹೇಳಿದ್ದೇನೆ ಎಂಬುದನ್ನು ಜಯಮ್ಮನೂ ಮರೆತಿಲ್ಲ.

ಇಂಥ ಶಿಸ್ತಿನ ಮನುಷ್ಯ ಅರವತ್ತಾರನೆಯ ವಯಸ್ಸಿನಲ್ಲಿ ಹತ್ತು ದಿನ ಕಂಪ್ಯೂಟರಿನ ಮುಂದೆ ಕೂತು ಆಟವಾಡಿದ ಎಂದರೆ ಯಾರಿಗೂ ನಂಬಿಕೆ ಬರುವುದಿಲ್ಲ. ಅದಕ್ಕೆ ಕಾರಣವಾದದ್ದು ನಮ್ಮ ಅತ್ತೆಯ ಮನೆಯ ಹೊನ್ನಾರು. ಯುಗಾದಿಯ ಬೆಳಿಗ್ಗೆ ಎತ್ತಿಗೆ ಸಿಂಗಾರ ಮಾಡಿ, ನೇಗಿಲಿಗೆ ಪೂಜೆ ಸಲ್ಲಿಸಿ, ಗಂಟೆ ಹೊಡೆಯುತ್ತ ವರ್ಷದ ಮೊದಲ ಸಾಲು ಉಳುವುದಕ್ಕೆ ನಮ್ಮ ಕಡೆ ಹೊನ್ನಾರು ಎನ್ನುತ್ತಾರೆ. ಬೆಟ್ಟದಪುರದ ಹತ್ತಿರ ಜವರೇಗೌಡನ ಹೊಲದಲ್ಲಿ ಮನೆಯ ಗಂಡಸರೆಲ್ಲ ಒಬ್ಬರಾದ ಮೇಲೊಬ್ಬರು ಒಂದೊಂದು ಸಾಲಿಗೆ ನೇಗಿಲಿನ ಮೇಣಿ ಹಿಡಿಯುವುದು ರೂಢಿ. ನಾನು ಅಳಿಯನಾಗಿ ಹೋದ ಮೊದಲ ಯುಗಾದಿಯಲ್ಲಿ, ನನ್ನ ಸರದಿ ಬಂದಾಗ ಮಾವನವರು ನನ್ನ ಬಿಳಿ ಪ್ಯಾಂಟು ನೋಡಿ, "ಅಳಿಯಂದ್ರು ನೌಕರಿ ಜನ, ಗಂಟೆ ಹೊಡೀಲಿ ಬುಡಿ" ಎಂದರು. ಅಂದಿನಿಂದ ಮೂವತ್ತೆಂಟು ಯುಗಾದಿ ಕಳೆದಿವೆ. ನಾಲೆ ಬಿಟ್ಟು ಹೋಗಲಾಗದ ಏಳೆಂಟನ್ನು ತೆಗೆದರೂ ಮೂವತ್ತು ವರ್ಷ ನಾನು ಆ ಹೊಲದ ಬದುವಿನ ಮೇಲೆ ನಿಂತು ಗಂಟೆ ಹೊಡೆದಿದ್ದೇನೆ. ಮಾವನವರು ಹೋದರು, ಪ್ಯಾಂಟು ಹೋಗಿ ಪಂಚೆ ಬಂತು, ಗಂಟೆ ಮಾತ್ರ ನನ್ನ ಕೈಯಲ್ಲೇ ಉಳಿಯಿತು.

ಆ ಮಾರ್ಚಿನಲ್ಲಿ ಜವರೇಗೌಡ ಹಲ್ಲು ಕಟ್ಟಿಸಿಕೊಳ್ಳಲು ಹುಣಸೂರಿಗೆ ಬಂದು ನಮ್ಮಲ್ಲಿ ತಂಗಿದ್ದ. ವೈದ್ಯರು ಇದ್ದ ಹಲ್ಲು ಕಿತ್ತು, ಅಳತೆ ತೆಗೆದು, ಹತ್ತು ದಿನ ಕಾಯಲು ಹೇಳಿದ್ದರು. ಮುದ್ದೆ ನುಂಗುವುದಕ್ಕೆ ಹಲ್ಲು ಬೇಡವಾದ್ದರಿಂದ ಊಟಕ್ಕೆ ತೊಂದರೆಯಿರಲಿಲ್ಲ. ಮಾತಿಗಂತೂ ಇರಲೇ ಇಲ್ಲ. ಹೊಗೆಸೊಪ್ಪು ಬೆಳೆಯುವವನಿಗೆ ಕೆಲಸವಿಲ್ಲದೆ ಕೂರುವುದು ಎಂದರೆ ಮೈಮೇಲೆ ಇರುವೆ ಬಿಟ್ಟ ಹಾಗೆ. ಅವನು ನನ್ನ ಹಿತ್ತಲಿನ ಬದನೆ ಗಿಡದ ಮುಂದೆ ನಿಂತು, "ಬಾವ, ಇದು ಗಿಡವೋ ಹಪ್ಪಳವೋ? ನೀವು ನೀರು ಬುಟ್ಟೋರು, ನಾವು ಬೆಳ್ದೋರು. ಎರಡೂ ಒಂದೇನ್ರೀ?" ಎಂದ. ನಾನು ಮೂವತ್ತೆಂಟು ವರ್ಷದಿಂದ ನುಂಗಿಕೊಂಡಿದ್ದ ಮಾತು ಅವತ್ತು ಹೊರಗೆ ಬಂತು. "ಒಂದು ಸಾಲು ಮೇಣಿ ಕೊಟ್ಟು ನೋಡು" ಎಂದೆ. ಅವನು, "ಏನಾರ ಒಂದು ಬೆಳ್ದು ತೋರ್ಸಿ, ಕೊಡ್ತೀನಿ" ಎಂದ. ಯುಗಾದಿಗೆ ಉಳಿದಿದ್ದು ಹದಿನಾಲ್ಕು ದಿನ. ಹದಿನಾಲ್ಕು ದಿನದಲ್ಲಿ ಮೆಂತ್ಯದ ಸೊಪ್ಪೂ ನೆಟ್ಟಗೆ ಬರುವುದಿಲ್ಲ.

ಆಗ ನಡುವೆ ಬಾಯಿ ಹಾಕಿದವಳು ಮಂಜುಳ. ಮುಂದಿನ ಕೋಣೆಯಲ್ಲಿ ಅವಳು ನಾಲ್ಕು ಕಂಪ್ಯೂಟರ್ ಇಟ್ಟುಕೊಂಡು ಟೈಪಿಂಗ್ ಕಲಿಸುತ್ತಿದ್ದಳು. ಹೊಸಬರಿಗೆ ಮೌಸು ಕೈಗೆ ಹತ್ತಲಿ ಎಂದು ಅವುಗಳಲ್ಲಿ ಬೇಸಾಯದ ಒಂದು ಆಟ ಹಾಕಿದ್ದಳು. ಇಬ್ಬರಿಗೂ ಒಂದೇ ಅಳತೆಯ ಜಮೀನು ಸಿಗುತ್ತದೆ, ಆಟದ ಒಂದು ದಿನವೆಂದರೆ ನಮ್ಮ ಹದಿಮೂರು ನಿಮಿಷ, ಇಪ್ಪತ್ತೆಂಟನೆಯ ದಿನ ಆ ಊರ ಚೌಕದಲ್ಲಿ ಬೆಳೆ ಪ್ರದರ್ಶನ, ಒಬ್ಬೊಬ್ಬರು ಒಂದೊಂದು ಬೆಳೆ ಇಡಬಹುದು, ಹೆಚ್ಚು ಅಂಕ ಬಂದವರು ಗೆದ್ದಂತೆ ಎಂದು ವಿವರಿಸಿದಳು. "ಮಾವ ಗೆದ್ದರೆ ಮೇಣಿ ಕೊಡ್ಬೇಕು" ಎಂದು ಜವರೇಗೌಡನಿಂದ ಮಾತು ತೆಗೆದುಕೊಂಡಳು. ಅವನು ಬೊಚ್ಚು ಬಾಯಿ ತುಂಬ ನಕ್ಕು, "ಸೋತ್ರೆ ಬಾವ ಸಾಯೋಗಂಟ ಗಂಟೆ ಹೊಡೀಬೇಕು" ಎಂದ. ನಾನು ಒಪ್ಪಿದೆ. ದಿನಾ ಬೆಳಿಗ್ಗೆ ಆರೂ ಹತ್ತರಿಂದ ಆರೂ ಐವತ್ತರವರೆಗೆ, ದಿನಕ್ಕೆ ಆಟದ ಮೂರು ದಿನ ಎಂದು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಮರುದಿನ, ಅಂದರೆ ಮೇಲೆ ಬರೆದ ಆ ಭಾನುವಾರ, ಆಟ ಶುರುವಾಯಿತು.

ಜವರೇಗೌಡ ಆಟದ ಜಮೀನಿಗೆ ಇಳಿದವನೇ ಅಗೆಯತೊಡಗಿದ. ಅಂಗಡಿಯಲ್ಲಿ ಹೊಗೆಸೊಪ್ಪಿನ ಬೀಜವಿಲ್ಲ ಎಂದು ತಿಳಿದಾಗ ಒಂದು ಗಳಿಗೆ ಮಂಕಾದ. ಆಮೇಲೆ ಎಲೆ ಇರುವುದೊಂದು ಸಿಕ್ಕರೆ ಸಾಕೆಂದು ಇಡೀ ಜಮೀನಿಗೆ ಕೋಸು ಹಾಕಿದ. ಹಿಡಿದ ತಾಕು ಮುಗಿಸದೆ ಕೂರುವುದು ಅವನ ವಂಶದಲ್ಲೇ ಇಲ್ಲ. ಹೀಗಾಗಿ ಪರದೆಯ ಮೇಲಿನ ಅವನ ಆಳು ನೀರು ಹಾಕಿ ಹಾಕಿ ಸಂಜೆಯ ಹೊತ್ತಿಗೆ ತಾಕಿನಲ್ಲೇ ಬೋರಲು ಬೀಳುತ್ತಿದ್ದ. "ಎದ್ದೇಳ್ಲಾ, ಇನ್ನೆರಡು ಸಾಲು ಅವೆ" ಎಂದು ಜವರೇಗೌಡ ಮೌಸಿನಿಂದ ಅವನ ಬೆನ್ನಿಗೆ ಕುಟ್ಟುತ್ತಿದ್ದ. ಎರಡು ಸಲ ಆ ಊರಿನ ಡಾಕ್ಟರು ಬಂದು ಆಳನ್ನು ಎತ್ತಿಕೊಂಡು ಹೋಗಬೇಕಾಯಿತು.

ನಾನು ಹಾಗಲ್ಲ. ಹೊಸ ನಾಲೆಯ ಉಸ್ತುವಾರಿ ಸಿಕ್ಕಾಗ ಮೊದಲು ಮಾಡುವ ಕೆಲಸ ಕೊನೆಯಿಂದ ಮೇಲಕ್ಕೆ ನಡೆದು ಬರುವುದು. ನೀರು ಎಲ್ಲಿಗೆ ಮುಟ್ಟುತ್ತಿಲ್ಲ ಎಂದು ತಿಳಿಯದವನಿಗೆ ಎಲ್ಲಿಂದ ಬಿಡಬೇಕೆಂದು ಹೇಗೆ ಗೊತ್ತಾಗಬೇಕು? ಅದೇ ಕ್ರಮದಲ್ಲಿ ಆಟದ ಊರನ್ನು ಸುತ್ತಿದೆ. ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ ನಕ್ಷೆ ಬರೆದೆ. ತೆಂಕಲ ತುದಿಯಲ್ಲಿ ಮೀನುಗಾರನ ಗುಡಿಸಲು, ಅಲ್ಲಿಂದ ನಲವತ್ತು ಹೆಜ್ಜೆಗೆ ಮುರಿದ ಸೇತುವೆ, ಅದರ ಪಕ್ಕದಲ್ಲಿ ಹುಲ್ಲುಗಾವಲು, ನಡುವೆ ಚೌಕ, ಬಡಗಲಿಗೆ ಗಿರಣಿ, ಗಿರಣಿಯ ಹಿಂದೆ ಬೇಲಿ, ಬೇಲಿಯಾಚೆ ಬೆಟ್ಟ. ಗಿರಣಿಯ ತಿರುವು ಕೆ.ಆರ್. ನಗರದ ಅಕ್ಕಿ ಗಿರಣಿಯ ತಿರುವನ್ನೇ ಹೋಲುತ್ತಿತ್ತು, ಲಾರಿ ಒಂದು ಕಡಿಮೆ. ಚೌಕಕ್ಕೆ ಮಾತ್ರ ಪಿರಿಯಾಪಟ್ಟಣದ ಬಸ್ ನಿಲ್ದಾಣ ಎಂದು ಹೆಸರಿಟ್ಟೆ, ಯಾವ ದಾರಿ ಹಿಡಿದರೂ ಅಲ್ಲಿಗೇ ಬಂದು ಸೇರುತ್ತಿದ್ದುದರಿಂದ.

ತೊಡಕಾದದ್ದು ಮನೆಗಳಲ್ಲಿ. ಆ ಊರಿನ ಯಾವ ಮನೆಯ ಮುಂದೆ ನಿಂತರೂ ಒಂದು ಗುಂಡಿ ಒತ್ತಿದರೆ ಸೀದಾ ಒಳಗೆ ಹೋಗಬಹುದಂತೆ. ಕರೆಯುವುದಿಲ್ಲ, ಕೆಮ್ಮುವುದಿಲ್ಲ, ಚಪ್ಪಲಿ ಬಿಡುವುದೂ ಇಲ್ಲ. ಗುರುತು ಪರಿಚಯವಿಲ್ಲದವರ ನಡುಮನೆಗೆ ಹಾಗೆ ನುಗ್ಗಲು ನನ್ನ ಬೆರಳು ಒಪ್ಪಲಿಲ್ಲ. ನಾಲೆಯ ಕೆಲಸದಲ್ಲಿ ನೂರಾರು ಹಳ್ಳಿ ತಿರುಗಿದವನು ನಾನು. ಜಗುಲಿಯ ಹೊರಗೆ ನಿಂತು, ಮನೆಯವರು ಬಂದು "ಬನ್ನಿ" ಎಂದ ಮೇಲೆ ಹೊಸಿಲು ದಾಟಿದವನು. ಆದ್ದರಿಂದ ಪ್ರತಿ ಮನೆಯ ಬಾಗಿಲ ಮುಂದೆಯೂ ನಿಂತೆ.

"ಮಾವ, ಯಾಕೆ ನಿಂತುಬಿಟ್ರಿ? ಎಂಟರ್ ಒತ್ತಿ" ಎಂದಳು ಮಂಜುಳ.

"ಯಾರಾದರೂ ಹೊರಗೆ ಬರಲಿ" ಎಂದೆ.

"ಅವು ಚಿತ್ರ ಮಾವ."

"ಚಿತ್ರವಾದರೂ ಹೆಣ್ಣುಮಕ್ಕಳಿರುವ ಮನೆ ತಾನೇ."

ಪಕ್ಕದ ಪರದೆಯಿಂದ ಜವರೇಗೌಡ ನನ್ನ ಜಮೀನಿನ ಕಡೆ ಬಗ್ಗಿ ನೋಡಿ, "ಬಾವ, ನಿಮ್ಮಲ್ಲಿ ಗರಿಕೆ ಬಾಳ ಚೆನ್ನಾಗ್ ಬಂದದೆ ಕಣ್ರೀ. ಪ್ರದರ್ಶನಕ್ಕೆ ಅದ್ನೇ ಮಡಗಿ" ಎಂದ. ಆಟದ ಹತ್ತನೆಯ ದಿನ ನಾನು ಹಾಕಿದ್ದ ನಾಲ್ಕು ಮೂಲಂಗಿ ಅವನ ಕೋಸಿನ ಸಾಲುಗಳ ಮುಂದೆ ನಾಚಿಕೊಂಡು ನಿಂತಿದ್ದವು. ಆ ರಾತ್ರಿ ಊಟಕ್ಕೆ ಕೂತಾಗ ಜಯಮ್ಮ, "ಗಂಟೆ ಹುಣಿಸೆಹಣ್ಣು ಹಾಕಿ ಬೆಳಗಿಡ್ಲಾ?" ಎಂದು ಕೇಳಿದಳು. ನಗದೆ ಕೇಳಿದಳು, ಅದೇ ನೋವಾದದ್ದು.

ಆದರೆ ನಿಂತು ಕಾಯುವುದೂ ದಂಡವಲ್ಲ. ಕಾಯುತ್ತ ಕಾಯುತ್ತ ಊರಿನವರ ದಿನಚರಿಯೆಲ್ಲ ನನ್ನ ಪುಸ್ತಕಕ್ಕೆ ಬಂತು. ಗಿರಣಿಯವನು ಏಳೂವರೆಗೆ ಹೊರಡುತ್ತಾನೆ, ಅಂಗಡಿಯಾಕೆ ಬುಧವಾರ ಬಾಗಿಲು ತೆರೆಯುವುದಿಲ್ಲ, ಮೀನುಗಾರ ಮಧ್ಯಾಹ್ನ ಮಲಗುತ್ತಾನೆ. ಉಳಿದಿದ್ದು ಬೇಲಿಯ ಪಕ್ಕದ, ಮುದುಕಿಯೊಬ್ಬಳದು ಎಂದು ಮಂಜುಳ ಹೇಳಿದ್ದ ಮನೆಯೊಂದೇ. ಎರಡು ದಿನ ಮಧ್ಯಾಹ್ನದ ಹೊತ್ತು ಅಲ್ಲಿ ನಿಂತೆ, ಬಾಗಿಲು ಅಲುಗಲಿಲ್ಲ. ವಯಸ್ಸಾದವರನ್ನು ಕಾಣಬೇಕಾದರೆ ಬೆಳಗಿನಲ್ಲೇ ಹೋಗಬೇಕು ಎಂದು, ನನ್ನನ್ನು ನೋಡಿಯಾದರೂ, ನನಗೆ ಹೊಳೆಯಬೇಕಿತ್ತು. ಹದಿನೇಳನೆಯ ದಿನ ಆಟದ ಹೊತ್ತು ಮೂಡುತ್ತಲೇ ನನ್ನ ಆಳನ್ನು ಅಲ್ಲಿಗೆ ಓಡಿಸಿದೆ. ಆಟದ ಗಡಿಯಾರದ ಆರೂ ಹತ್ತಕ್ಕೆ ಸರಿಯಾಗಿ ಬಾಗಿಲು ತೆರೆಯಿತು. ಮುದುಕಿ ಕೋಲೂರಿಕೊಂಡು ಹೊರಗೆ ಬಂದು ಗಿರಣಿಯ ಹಿಂದಕ್ಕೆ ಹೊರಟಳು. ಹತ್ತು ಹೆಜ್ಜೆ ಬಿಟ್ಟು ನಾನೂ ಹೊರಟೆ. ಅಷ್ಟು ಹೊತ್ತಿಗೆ ಕಾಫಿ ತಂದ ಜಯಮ್ಮ, "ಯಾರ ಹಿಂದೆ ಹೋಯ್ತಾ ಇದ್ದೀರಿ ನೀವು?" ಎಂದಳು. "ಅವರಿಗೆ ಎಂಬತ್ತು ವರ್ಷವಾದರೂ ಆಗಿರಬೇಕು" ಎಂದು ಹೇಳಿ ಕಾಫಿ ತೆಗೆದುಕೊಂಡೆ.

ಮುದುಕಿ ಬೇಲಿಯ ಒಂದು ಸಂದಿನಲ್ಲಿ ನುಸುಳಿದಳು. ನಾನು ಮೂರು ಸಲ ಹಾದುಹೋಗಿದ್ದ ಬೇಲಿ ಅದು. ಆಚೆ ಬೆಟ್ಟದ ಮಗ್ಗುಲಿನಲ್ಲಿ ಕಲ್ಲುಗೋಡೆಯ ಒಂದು ತೋಟ, ಎರೆಮಣ್ಣಿನ ಆರು ಪಾತಿ, ಕಲ್ಲಿನ ಬಾಯಿಯಿಂದ ಇಳಿಯುವ ಒಂದು ಸಣ್ಣ ನೀರಿನ ಊಟೆ. ಮುದುಕಿ ತಿರುಗಿ ನಿಂತು ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಮಂಜುಳ ಕುರ್ಚಿಯಿಂದ ಎದ್ದು ಬಂದು ಓದಿದಳು. "ಇದು ನನ್ನ ಯಜಮಾನರ ತೋಟ, ನನ್ನ ಕೈಲಾಗುವುದಿಲ್ಲ, ನೀನು ಮಾಡಿಕೋ ಅಂತಾರೆ ಮಾವ. ಇಲ್ಲಿ ಬೆಳೆ ಅರ್ಧದಷ್ಟು ದಿನಗಳಲ್ಲೇ ಬರುತ್ತಂತೆ, ಎರಡರಷ್ಟು ದಪ್ಪ ಆಗುತ್ತಂತೆ." ಪರದೆಗೆ ಇನ್ನಷ್ಟು ಬಗ್ಗಿ, "ಎರಡು ವರ್ಷದಿಂದ ಆಡ್ತಿದ್ದೀನಿ, ಈ ಜಾಗ ನಾನು ನೋಡೇ ಇಲ್ಲ" ಎಂದಳು. ಕಾರಣ ಆಮೇಲೆ ತಿಳಿಯಿತು. ಯಾರಾದರೂ ಮನೆಯೊಳಗೆ ನುಗ್ಗಿದರೆ ಆ ಮುದುಕಿ ಅವರಿಗೆ ಟೀ ಮಾಡಿಕೊಡುತ್ತ ಅಲ್ಲೇ ಉಳಿದುಬಿಡುತ್ತಾಳೆ. ಆಟದವರೆಲ್ಲ ನುಗ್ಗುವವರೇ. ಹೊರಗೆ ನಿಂತವನು ನಾನೊಬ್ಬ.

ಅವತ್ತೇ ಕುಂಬಳದ ಬೀಜ ತಂದು ಹಾಕಿದೆ. ಬೇರೆ ಕಡೆ ಇಪ್ಪತ್ತು ದಿನದ ಬೆಳೆ, ಇಲ್ಲಿ ಹತ್ತೇ ದಿನ. ಊಟೆಯ ನೀರನ್ನು ಕೊನೆಯ ಪಾತಿಗೆ ಮೊದಲು ಕೊಟ್ಟು ಮೇಲಕ್ಕೆ ಬಂದೆ. ಮೂವತ್ತೊಂದು ವರ್ಷದ ಅಭ್ಯಾಸ ಒಂದು ದಿನವೂ ತಪ್ಪಲಿಲ್ಲ. ಇಪ್ಪತ್ತೇಳನೆಯ ದಿನ ನಾಲ್ಕನೆಯ ಪಾತಿಯ ಕುಂಬಳ ನನ್ನ ಆಳಿನ ಸೊಂಟದ ಎತ್ತರಕ್ಕೆ ಬಂದಿತ್ತು.

ಹತ್ತನೆಯ ಬೆಳಿಗ್ಗೆ ಆಟದ ಇಪ್ಪತ್ತೆಂಟನೆಯ ದಿನ ಶುರುವಾಗಿ ಎರಡು ನಿಮಿಷಕ್ಕೆ ಕರೆಂಟು ಹೋಯಿತು. ಯುಪಿಎಸ್ ಕಿಂವ್ ಕಿಂವ್ ಎನ್ನತೊಡಗಿತು. "ಹತ್ತು ನಿಮಿಷ ಬರುತ್ತೆ, ಅಷ್ಟರಲ್ಲಿ ಚೌಕಕ್ಕೆ ಹೋಗಿ ಇಡಿ" ಎಂದಳು ಮಂಜುಳ. ನಾನು ಬೇಲಿಯ ಸಂದು, ಗಿರಣಿಯ ಹಿಂಬದಿ, ಬಾವಿಯ ಪಕ್ಕದ ಅಡ್ಡದಾರಿ ಹಿಡಿದು ಮೂರು ನಿಮಿಷಕ್ಕೆ ಚೌಕದಲ್ಲಿದ್ದೆ. ಪಕ್ಕದಲ್ಲಿ ಜವರೇಗೌಡನ ಆಳು ಕೋಸು ಹೊತ್ತು ಮೀನುಗಾರನ ಗುಡಿಸಲಿನ ಸುತ್ತ ತಿರುಗುತ್ತಿದ್ದ. ಅಂಗಡಿ ಅವನ ಜಮೀನಿನ ಬಾಗಿಲಲ್ಲೇ ಇತ್ತು, ಇಪ್ಪತ್ತೇಳು ದಿನದಲ್ಲಿ ಅದರಾಚೆಗೆ ಅವನು ಕಾಲಿಟ್ಟಿರಲಿಲ್ಲ.

"ಬಾವ," ಎಂದ ಜವರೇಗೌಡ, ದನಿ ತಗ್ಗಿಸಿ. "ಈ ಚೌಕ ಅನ್ನೋದು ಎಲ್ಲದೆ?"

ಸುಮ್ಮನಿದ್ದರೆ ಆಗಿತ್ತು. ಯುಪಿಎಸ್ ಅವನ ಕತೆ ಮುಗಿಸುತ್ತಿತ್ತು. ಆದರೆ ಎದುರಾಳಿ ದಾರಿ ತಪ್ಪಿದ್ದರಿಂದ ಸಿಕ್ಕ ಮೇಣಿಯನ್ನು ನಾನು ಯಾವ ಮುಖದಲ್ಲಿ ಹಿಡಿಯಲಿ? "ಸೇತುವೆಗೆ ಬೆನ್ನು ಹಾಕು. ಹುಲ್ಲುಗಾವಲು ಎಡಕ್ಕೆ ಬಿಡು. ನೆಟ್ಟಗೆ ಬಾ, ಎಲ್ಲೂ ನಿಲ್ಲಬೇಡ" ಎಂದೆ. ಅವನು ಬಂದು ಕೋಸು ಇಟ್ಟ. ಒಳ್ಳೆಯ ಕೋಸು, ಆ ಮಾತು ಹೇಳಲೇಬೇಕು. ತೀರ್ಪುಗಾರ ಟೋಪಿ ಹಾಕಿಕೊಂಡು ಎರಡೂ ಪರದೆಯ ಮೇಲೆ ಬಂದ. ಕೋಸಿಗೆ ಅರವತ್ತೆರಡು. ಕುಂಬಳಕ್ಕೆ ತೊಂಬತ್ತೇಳು. ಮಂಜುಳ ಅದನ್ನು ಓದಿ ಮುಗಿಸಿದ ಮೇಲೆ ಪರದೆ ಕಪ್ಪಾಯಿತು. ಜವರೇಗೌಡ ಮೌಸನ್ನು ಪಕ್ಕಕ್ಕೆ ಸರಿಸಿ, "ಬೆಳ್ದ್ರಿ ಬುಡಿ ಬಾವ" ಎಂದ. ಆ ಮೂರು ಪದಕ್ಕಾಗಿ ನಾನು ಮೂವತ್ತೆಂಟು ವರ್ಷ ಕಾದಿದ್ದೆ.

ಏಪ್ರಿಲ್ ಒಂಬತ್ತು, ಶನಿವಾರ, ಯುಗಾದಿ. ಬೆಳಿಗ್ಗೆ ಆರೂ ಇಪ್ಪತ್ತು. ಜವರೇಗೌಡ ಹೊಸ ಹಲ್ಲು ಹೊಳೆಯಿಸುತ್ತ, ಹೊಲದಲ್ಲಿ ನೆರೆದಿದ್ದ ನೆಂಟರೆಲ್ಲರ ಮುಂದೆ, "ಈ ಸಲ ಮೊದ್ಲ ಸಾಲು ನಮ್ ಬಾವಂದು" ಎಂದು ಮೇಣಿ ನನ್ನ ಕೈಗಿತ್ತ. ಒಂದು ಸಾಲು ಕೇಳಿದ್ದವನಿಗೆ ಮೊದಲ ಸಾಲೇ ಸಿಕ್ಕಿತ್ತು. ಎತ್ತುಗಳು ಹೊರಟವು, ನೇಗಿಲು ಮಣ್ಣಿಗೆ ಇಳಿಯಿತು, ನಾನು ಅದರ ಹಿಂದೆ ಹೋದೆ. ಸಾಲು ನೆಟ್ಟಗೆ ಬಂತು. ಎತ್ತುಗಳಿಗೆ ದಾರಿ ಗೊತ್ತಿತ್ತು ಎಂದು ಆಮೇಲೆ ಯಾರೋ ಹೇಳಿದರಂತೆ, ನಾನು ಕೇಳಿಸಿಕೊಳ್ಳಲಿಲ್ಲ. ಬದುವಿನ ಮೇಲೆ ಗಂಟೆ ಹೊಡೆಯುತ್ತಿದ್ದವಳು ಜಯಮ್ಮ. ಅವಳು ನನ್ನನ್ನು ನೋಡುತ್ತಿದ್ದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ.

ಹೋಳಿಗೆ ಊಟವಾಗಿ, ಎರಡು ಗಂಟೆಯಿಂದ ಎರಡೂ ಮುಕ್ಕಾಲಿನ ನನ್ನ ನಿದ್ದೆಗೆ ಚಾಪೆ ಹಾಸಿದೆ. ಜವರೇಗೌಡ ಬಂದು ಪಕ್ಕದಲ್ಲಿ ನಿಂತ. ಅವನ ಕೈಯಲ್ಲಿ ಮೂತಿಗೆ ತೂತಿರುವ ನೀರಿನ ಡಬ್ಬಿ ಇತ್ತು.

"ಬೇಸಾಯಗಾರ ಮಧ್ಯಾಹ್ನ ಮಲಗ್ತಾನಾ ಬಾವ? ಹೊಗೆಸೊಪ್ಪಿನ ಸಸಿ ಮಡಿ ಬಾಡ್ತಾ ಅವೆ. ಆಳುಗಳೆಲ್ಲ ಹಬ್ಬಕ್ಕೆ ಹೋಗವ್ರೆ."

"ಎಷ್ಟು ಮಡಿ?" ಎಂದೆ.

"ಇಪ್ಪತ್ತೆರಡು. ನಿಮಗೆ ಹೊಸದಲ್ವಲ್ಲ, ಕೊನೇದ್ರಿಂದ ಸುರು ಮಾಡಿ."

ಒಂದು ತೂಬು ಎತ್ತಿ ಊರೂರಿಗೆ ನೀರು ಕೊಟ್ಟವನು ನಾನು. ಡಬ್ಬಿಯಲ್ಲಿ ಹೊತ್ತು ಹಾಕಿದಾಗ ನೀರಿಗೆ ಇಷ್ಟು ತೂಕವಿದೆ ಎಂದು ಆ ಮಧ್ಯಾಹ್ನವೇ ಗೊತ್ತಾದದ್ದು. ಎಂಟನೆಯ ಮಡಿಗೆ ಬಲ ಭುಜ ಹೋಯಿತು, ಹದಿಮೂರನೆಯದಕ್ಕೆ ಎಡದ್ದು. ಹದಿನೇಳನೆಯದಕ್ಕೆ ಜವರೇಗೌಡ ಬಂದು ನೋಡಿ, "ಸಾಕು ಬುಡಿ ಬಾವ, ಮಿಕ್ಕಿದ್ದು ನಾನ್ ಆಕ್ತೀನಿ" ಎಂದ. ಡಬ್ಬಿ ಕೊಡಲಿಲ್ಲ. ಹಿಡಿದ ತಾಕು ಮುಗಿಸದೆ ಕೂರುವ ಜನ ನಾವಲ್ಲ ಎಂದು ಅವನಿಗೇ ಹೇಳಿದೆ. ಸಂಜೆ ಆರೂ ಮೂವತ್ತೈದಕ್ಕೆ ಇಪ್ಪತ್ತೆರಡನೆಯದಾಗಿ ಸಾಲಿನ ಮೊದಲ ಮಡಿಗೆ ನೀರು ಹಾಕಿ, ಡಬ್ಬಿಯನ್ನು ತೊಳೆದು ಬೋರಲು ಹಾಕಿದೆ.