ಹೌದು, ಇಲ್ಲ, ಹೇಳಾಕ ಬರೂದಿಲ್ಲ

ನಮ್ಮ ಕಾಕಾನಿಗೆ ತಲೆ ಕೆಟ್ಟಿದೆ ಎಂದು ಇಡೀ ಬೀಳಗಿ ತಾಲೂಕು ನಂಬಿತ್ತು. ನಾನೂ ನಂಬಿದ್ದೆ! ಆಲಮಟ್ಟಿಯ ಹಿನ್ನೀರಿನಲ್ಲಿ ಊರು ಮುಳುಗಿ ಎಲ್ಲರೂ ಪುನರ್ವಸತಿ ಕೇಂದ್ರಕ್ಕೆ ಬಂದ ಮೇಲೆ, ಸಾಲಿ ಮಾಸ್ತರರಾದ ಈ ಮಹಾನುಭಾವರು ಪ್ರತಿ ಯುಗಾದಿಯ ಮರುದಿನ ರಿಜಿಸ್ಟರ್ ಹಿಡಿದು ಅವೇ ನಲವತ್ತು ಮನೆಗಳಿಗೆ ಹೋಗಿ, ಅವೇ ಜನರಿಗೆ ಅದೇ ಪ್ರಶ್ನೆ ಕೇಳುತ್ತಿದ್ದರು: "ಈ ಊರು ನಿಮ್ಮದು ಅನಸತೈತೇನ್ರಿ?" ಉತ್ತರಕ್ಕೆ ಮೂರೇ ಕಾಲಂ. ಹೌದು, ಇಲ್ಲ, ಹೇಳಾಕ ಬರೂದಿಲ್ಲ.

"ಮಾಸ್ತರ, ನಳಕ್ಕ ನೀರು ಬಂದ್ರ ಹೌದು, ಬರಲಿಲ್ಲಂದ್ರ ಇಲ್ಲ. ಮಧ್ಯಾಹ್ನ ಬರ್ರಿ!" ಎಂದು ಒಬ್ಬರು ಚೇಷ್ಟೆ ಮಾಡಿದರೆ, ಇವರು ನಿಜಕ್ಕೂ ಮಧ್ಯಾಹ್ನ ಹೋದರು!

ಒಂದು ಮನೆಯಲ್ಲಿ ಅಜ್ಜಿ "ಇಲ್ಲ" ಎಂದಳು. ಉಳಿದ ಆರೂ ಮಂದಿ "ಇಲ್ಲ" ಎಂದರು. ಆಗಷ್ಟೇ ಕಾಲೇಜು ಸೇರಿ, ಕಾಕಾನ ಜೊತೆ ಬರೆದುಕೊಳ್ಳಲು ಹೋಗಿದ್ದ ನಾನು ಜಂಬದಿಂದ ಏಳು ಎಂದು ಬರೆದೆ.

"ಏಳೆಲ್ಲಿಂದ ಬಂತಲೇ? ಉಳಿದಾವ್ರು ಮುದುಕಿ ಮಾರಿ ನೋಡಿ ಅಂದಾರ. ಹೆಚ್ಚಂದ್ರ ಎರಡು ಅಂತ ಹಿಡಿ."

ಮುಂದೆ ನಮ್ಮ ಸಂಖ್ಯಾಶಾಸ್ತ್ರದ ಪ್ರೊಫೆಸರು ಇದೇ ಮಾತು ಹೇಳಲು ಎರಡು ತಾಸು ಬೋರ್ಡು ತುಂಬಿಸಿದರು.

ಇನ್ನೊಂದು ವರ್ಷ "ಹೌದು" ಅಂದವರ ಎಣಿಕೆ ಹಿಂದಿನ ವರ್ಷದಷ್ಟೇ ಬಂತು. "ಏನೂ ಬದಲಾಗಿಲ್ಲ ಕಾಕಾ" ಎಂದೆ.

"ಹೆಸರು ನೋಡಲೇ!"

ನೋಡಿದರೆ, ಹನ್ನೊಂದು ಜನ "ಇಲ್ಲ" ಬಿಟ್ಟು "ಹೌದು" ಅಂದಿದ್ದರು, ಬೇರೆ ಹನ್ನೊಂದು ಜನ "ಹೌದು" ಬಿಟ್ಟು "ಇಲ್ಲ" ಅಂದಿದ್ದರು! ಊರಿಗೆ ಊರೇ ಸದ್ದಿಲ್ಲದೆ ಮಗ್ಗಲು ಬದಲಿಸಿತ್ತು. ಎಣಿಕೆ ಬಿಟ್ಟು ಹೆಸರು ನೋಡುವುದನ್ನು ಕಾಕಾನಿಗೆ ಯಾರು ಕಲಿಸಿದರು?

ಆದರೆ ಇಷ್ಟೆಲ್ಲ ಯಾತಕ್ಕೆ? ಅದು ನನಗೆ ತಿಳಿದದ್ದು ತಡವಾಗಿ. ಅವರಿಗೆ ಬೇಕಾಗಿದ್ದುದು ಒಬ್ಬರದೇ "ಹೌದು", ಅವರ ಹೆಂಡತಿ, ನಮ್ಮ ಕಾಕುವಿನದು. ಊರು ಮುಳುಗಿದಾಗ ಕಾಕುವಿನ ತಂಗಿಯ ಮನೆಯವರು ದೂರದ ಬೇರೆ ಕೇಂದ್ರಕ್ಕೆ ಹೋದರು. ಸಾಲಿ ಹತ್ತಿರವೆಂದು ಇಲ್ಲಿಗೇ ಬರೋಣವೆಂದು ಹಟ ಹಿಡಿದವರು ಕಾಕಾ. ಅಂದಿನಿಂದ ಕಾಕು ಪ್ರತಿ ವರ್ಷವೂ "ಇಲ್ಲ" ಎನ್ನುತ್ತಿದ್ದರು.

ಒಂದು ವರ್ಷ ಕಾಕಾ ರಿಜಿಸ್ಟರನ್ನು ನನ್ನ ಕೈಗಿಟ್ಟರು. "ಆಕೀನ್ನ ನೀ ಕೇಳು. ನನ್ನ ಕೈಲಿ ಆಗೂದಿಲ್ಲ."

ಕಾಕು ರೊಟ್ಟಿ ಬಡಿಯುತ್ತಲೇ ಹೇಳಿದರು, "ಹೌದು ಅಂತ ಬರಕೋಪಾ. ಪಾಪ, ಎಷ್ಟ ವರ್ಷದಿಂದ ಕಾಯಾಕತ್ತಾರ."

ಆ "ಹೌದು" ನೋಡಿ ಕಾಕಾನ ಮುಖ ಅರಳಿತು. "ಏನಂದಳು? ಹೆಂಗಂದಳು?" ನಾನು, ಮೂರ್ಖ, ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. "ಇದೂ ನನ್ನ ಮಾರಿ ನೋಡಿ ಅಂದದ್ದಲೇ" ಎಂದು ಅವರು ರಬ್ಬರಿನಿಂದ ಅದನ್ನು ಅಳಿಸಿ "ಇಲ್ಲ" ಎಂದು ಬರೆದರು. ಎದ್ದು ಹೋಗಿ ಒಲೆಯ ಪಕ್ಕ ಕುಳಿತರು.

"ತಪ್ಪು ನಂದ. ನಾಳೆ ನಿನ್ನ ತಂಗಿ ಊರಿಗೆ ಹೋಗೂಣು. ಅಲ್ಲೇ ಒಂದ ಮನಿ ನೋಡೂಣು."

ರೊಟ್ಟಿ ಬಡಿಯುವ ಸದ್ದು ನಿಂತಿತು. ಊರು ಮುಳುಗಿದ ದಿನವೂ ಅಳದಿದ್ದ ಕಾಕು, ಅಂದು ಬಿಕ್ಕಿ ಬಿಕ್ಕಿ ಅತ್ತರು.