ಭೂತಗನ್ನಡಿಯೊಳಗಿನ ಕುಂಬಳಕಾಯಿ

ಗಡಿಯಾರ ರಿಪೇರಿಯವನ ಎರಡು ವರ್ಷದ ಮಗಳು ಗುಬ್ಬಿ, ಬೇಯಿಸಿದ ಆಲೂಗಡ್ಡೆ ಬಿಟ್ಟು ಬೇರೇನನ್ನೂ ಬಾಯಿಗೆ ಸೇರಿಸುತ್ತಿರಲಿಲ್ಲ. ಮೂರು ತಿಂಗಳಿಂದ ಬೆಳಿಗ್ಗೆ ಆಲೂ, ಮಧ್ಯಾಹ್ನ ಆಲೂ, ರಾತ್ರಿ ಆಲೂ. ಉಳಿದ ತರಕಾರಿ ಕಂಡರೆ, ಸಾಲ ಕೇಳಲು ಬಂದ ನೆಂಟರನ್ನು ಕಂಡಂತೆ ಮುಖ ತಿರುಗಿಸುತ್ತಿದ್ದಳು.

ಅಂದು ಬೆಳಿಗ್ಗೆ ಅಂಚೆ ಕಚೇರಿಯ ಕೆಲಸಕ್ಕೆ ಹೊರಟ ಹೆಂಡತಿ ಚಪ್ಪಲಿ ಮೆಟ್ಟುತ್ತಲೇ ಹೇಳಿದಳು: “ನೋಡ್ರೀ, ಸಂಜೆ ಆರಕ್ಕೆ ಅಮ್ಮ ಬರ್ತಾರೆ. ಅವರೆದುರಿಗೆ ಇವಳು ಬೇರೆ ಒಂದೇ ಒಂದು ತರಕಾರಿ ತಿಂದ್ರೆ ಸರಿ, ಎರಡು ದಿನ ಇದ್ದು ಹೋಗ್ತಾರೆ. ಇಲ್ದಿದ್ರೆ ಆರು ತಿಂಗಳು ಇಲ್ಲೇ ಇದ್ದು ತಿನ್ನೋದು ಕಲಿಸ್ತಾರಂತೆ.”

“ಆರು ತಿಂಗಳಾ! ಎಲ್ಲಿ ಮಲಗ್ತಾರೆ?”

“ನಿಮ್ಮ ಮೇಜಿರೋ ಜಾಗದಲ್ಲಿ. ಮಂಚ ಹಿಡಿಸತ್ತೆ, ಅಳತೆ ಮಾಡಿದೀನಿ.”

ಅವನು ತನ್ನ ರಿಪೇರಿ ಮೇಜನ್ನು ಎರಡೂ ಕೈಯಿಂದ ಹಿಡಿದುಕೊಂಡ. ಆ ಮೇಜು ಮನೆಯ ಒಂದೇ ಒಂದು ದೊಡ್ಡ ಕಿಟಕಿಯ ಕೆಳಗಿತ್ತು. ಅಲ್ಲಿ ಬೆಳಕಿತ್ತು, ಅನ್ನವಿತ್ತು. ಅತ್ತೆಯಿಂದ ರಕ್ಷಣೆಯೂ ಇತ್ತು. ಮದುವೆಯಾದ ನಾಲ್ಕು ವರ್ಷದಲ್ಲಿ ಅತ್ತೆ ಬಂದಾಗಲೆಲ್ಲ ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾವುದಾದರೊಂದು ಗಡಿಯಾರದ ಹೊಟ್ಟೆಯೊಳಗೆ ತಲೆ ಹಾಕಿಬಿಡುತ್ತಿದ್ದ. ಊಟವೂ ಮೇಜಿನ ಮೇಲೆಯೇ. ಮೂರು ತಿಂಗಳ ಹಿಂದೆ ಅವರು ಬಂದಿದ್ದಾಗಲೂ ಹಾಗೆಯೇ ವಾರ ಕಳೆದಿದ್ದ.

ಕೆಟ್ಟ ಗಡಿಯಾರವನ್ನು ಬೈದರೆ ನಡೆಯುವುದಿಲ್ಲ, ಬಿಚ್ಚಿ ನೋಡಬೇಕು ಎಂಬುದು ಅವನ ನಂಬಿಕೆ. ರಿಪೇರಿ ಪುಸ್ತಕ ತೆರೆದು ಬರೆದ. ವಸ್ತು: ಗುಬ್ಬಿ. ತೊಂದರೆ: ಆಲೂಗಡ್ಡೆ ಮಾತ್ರ. ಯಾವಾಗಿನಿಂದ: ಮೂರು ತಿಂಗಳು. ಮುಂದಿನದು ಅವನು ಪ್ರತಿ ಗಿರಾಕಿಗೂ ತಪ್ಪದೆ ಕೇಳುವ ಪ್ರಶ್ನೆ. ಕೆಡುವ ಮೊದಲು ಯಾರ ಕೈಯಲ್ಲಿತ್ತು? ಮಗು ಎಂದಮೇಲೆ ಎಲ್ಲರ ಕೈಯಲ್ಲೂ ಇರುತ್ತದೆ ಎಂದುಕೊಂಡು ಆ ಜಾಗ ಖಾಲಿ ಬಿಟ್ಟ.

ಪರೀಕ್ಷೆ ಶುರುವಾಯಿತು. ಆಲೂಗಡ್ಡೆಯನ್ನು ಬೇರೆ ಬಟ್ಟಲಲ್ಲಿ ಕೊಟ್ಟ, ತಿಂದಳು. ಚಮಚ ಬದಲಿಸಿದ, ತಿಂದಳು. ತಾನು ಟೋಪಿ ಹಾಕಿಕೊಂಡು ಕೊಟ್ಟ. ಟೋಪಿ ಕಿತ್ತೆಸೆದು ತಿಂದಳು. ಆಲೂವಿನ ಹಿಟ್ಟಿನೊಳಗೆ ಬಟಾಣಿಯಷ್ಟು ಕುಂಬಳಕಾಯಿ ಅಡಗಿಸಿದ. ಗುಬ್ಬಿ ಸ್ವಲ್ಪ ಹೊತ್ತು ಯೋಚಿಸಿ, ಕುಂಬಳಕಾಯಿಯನ್ನಷ್ಟೇ ನಾಲಿಗೆಯ ತುದಿಯಲ್ಲಿ ಹೊರಗಿಟ್ಟು, “ಕಸ” ಎಂದಳು.

ಅಷ್ಟರಲ್ಲಿ ಎದುರುಮನೆಯ ಟೈಲರಮ್ಮ ಕತ್ತರಿ ಹಿಡಿದೇ ಒಳಬಂದಳು. “ಏನಣ್ಣ, ಮಕ್ಕಳು ತಿನ್ನೋದು ಕಣ್ಣಲ್ಲಿ! ಕೊಡಿ ಇಲ್ಲಿ.” ಬೇಯಿಸಿದ ಕ್ಯಾರೆಟ್ಟಿಗೆ ಕಾಲರು, ಬೀಟ್‌ರೂಟಿಗೆ ಜೇಬು ಕತ್ತರಿಸಿಟ್ಟಳು. ಗುಬ್ಬಿ ಕ್ಯಾರೆಟ್ಟನ್ನು ಗೊಂಬೆಗೆ ತೊಡಿಸಿ ನೋಡಿದಳೇ ಹೊರತು ತಿನ್ನಲಿಲ್ಲ.

ಮಹಡಿಯ ನಿವೃತ್ತ ಮೇಷ್ಟ್ರು ಸದ್ದು ಕೇಳಿ ಇಳಿದು ಬಂದರು. “ಅಲ್ಲಯ್ಯಾ, ಕಣ್ಣೆದುರಿಗೆ ಆಲೂಗಡ್ಡೆ ಇಟ್ಕೊಂಡು ಪಾಠ ಹೇಳಿದ್ರೆ ಹತ್ತತ್ತಾ? ಎಲ್ಲ ಇಲ್ಲಿ ಕೊಡು. ಹಸಿವೇ ಮೇಷ್ಟ್ರು.”

“ಎಲ್ಲಾನೂನಾ ಮೇಷ್ಟ್ರೇ?”

“ಒಂದೂ ಬಿಡಬೇಡ.”

ಮನೆಯ ಕಟ್ಟಕಡೆಯ ಆಲೂಗಡ್ಡೆಯೂ ಮೇಷ್ಟ್ರ ಚೀಲದಲ್ಲಿ ಮಹಡಿ ಹತ್ತಿತು. ಗುಬ್ಬಿ ಇಟ್ಟ ಕೂಗಿಗೆ ರಿಪೇರಿಗೆ ಬಂದು ಮಲಗಿದ್ದ ಅಲಾರಾಂ ಒಂದು ತಾನಾಗಿಯೇ ಹೊಡೆದುಕೊಂಡಿತು.

ನಾಲ್ಕು ಗಂಟೆಯಾಯಿತು. ಮಗು ಅತ್ತು ಸುಸ್ತಾಗಿ ಅವನ ಕಾಲ ಬಳಿ ಕೂತಿತ್ತು. ಅವನಿಗೊಂದು ಕುತೂಹಲ. ಈ ಕುಂಬಳಕಾಯಿಯಲ್ಲಿ ಅಂಥದ್ದೇನಿದೆ? ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿ, ಒಂದು ಚೂರನ್ನು ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದ. ಎಳೆಎಳೆಯಾಗಿ ಹೊಳೆಯಿತು. ಇಷ್ಟು ವರ್ಷ ತಿಂದಿದ್ದರೂ ಅದನ್ನು ಅವನು ನೋಡಿರಲಿಲ್ಲ.

“ಅಪ್ಪಾ, ಏನದು?”

“ತಾಳು, ಚಕ್ರ ಕೂರಿಸ್ತಿದೀನಿ.”

“ನಂಗೆ!”

ಅವನು ಚೂರನ್ನು ಅವಳ ಅಂಗೈಯಲ್ಲಿಟ್ಟ. ಅವಳು ಅವನ ಹಾಗೆಯೇ ಒಂದು ಕಣ್ಣು ಮುಚ್ಚಿ ನೋಡಿದಳು, ಬಾಯಿಗೆ ಹಾಕಿಕೊಂಡಳು, ನುಂಗಿದಳು. “ಇನ್ನೊಂದ್ ಚಕ್ರ!”

ಅವನು ಇನ್ನೊಂದು ಚೂರು ಎತ್ತಿಕೊಟ್ಟ. ಕ್ಯಾರೆಟ್ಟು ಹೋಯಿತು, ಬೀಟ್‌ರೂಟಿನ ಜೇಬೂ ಹೋಯಿತು. ಬಾಗಿಲಲ್ಲಿ ಟೈಲರಮ್ಮ ಕೆನ್ನೆಗೆ ಕೈಯಿಟ್ಟಳು. ಮೇಷ್ಟ್ರು, “ನಾನು ಹೇಳಲಿಲ್ವಾ, ಹಸಿವು!” ಎಂದು ಕೀರ್ತಿಯನ್ನು ಜೇಬಿಗಿಳಿಸಿದರು.

ಆರಕ್ಕೆ ಸರಿಯಾಗಿ ಹೆಂಡತಿಯೂ ಅತ್ತೆಯೂ ಬಂದರು. ಅತ್ತೆಯ ಕೈಯಲ್ಲಿ ಭಾರದ ಚೀಲ. ಅವನು ಮೊದಲ ಬಾರಿಗೆ ಅವರಿಗೆ ಬೆನ್ನು ತಿರುಗಿಸದೆ ಎದುರಿಗೇ ಕೂತು, ಚಿಮಟದಲ್ಲಿ ಒಂದೊಂದೇ ಚೂರು ಎತ್ತಿಕೊಟ್ಟ. ಗುಬ್ಬಿ ಹನ್ನೊಂದು ಚೂರು ತಿಂದಳು.

“ಭೇಷ್ ಅಳಿಯಂದಿರೇ!” ಎಂದರು ಅತ್ತೆ. “ನನ್ನ ಅಗತ್ಯವೇ ಇಲ್ಲ. ನಾಳಿದ್ದು ಹೊರಟೆ.”

ಮೇಜು ಉಳಿಯಿತು. ಅವನಿಗೆ ಅತ್ತೆಯ ಮೇಲೆ ಪ್ರೀತಿಯೇ ಉಕ್ಕಿತು. “ಮೊದಲು ಊಟ ಮಾಡಿ ಅತ್ತೆ. ಏನು ಮಾಡ್ಲಿ? ಬೀನ್ಸು? ಸೊಪ್ಪು?”

“ಅಯ್ಯೋ, ಅದೆಲ್ಲ ನಂಗೆ ಸೇರಲ್ಲಪ್ಪ.” ಅತ್ತೆ ಚೀಲದೊಳಗಿನಿಂದ ಡಬ್ಬಿ ತೆಗೆದರು. “ನಂದು ನಾನೇ ಬೇಯಿಸ್ಕೊಂಡು ಬಂದಿದೀನಿ.”

ಮುಚ್ಚಳ ತೆರೆಯಿತು. ನುಣ್ಣಗೆ ಸುಲಿದ ಆರು ಆಲೂಗಡ್ಡೆ. ಚೀಲದಲ್ಲಿ ಇನ್ನೂ ಐದು ಕಿಲೋ ಇತ್ತು.

ಗುಬ್ಬಿಯ ಮೂಗು ಅರಳಿತು. ಹನ್ನೆರಡನೆಯ ಚಕ್ರ ಅಂಗೈಯಿಂದ ನೆಲಕ್ಕೆ ಬಿತ್ತು. “ಅಜ್ಜಿ! ಆಲೂ!” ಎಂದು ಓಡಿ ತೊಡೆಯೇರಿ, ಅಜ್ಜಿಯ ಕೈಯಿಂದಲೇ ಎರಡು ಆಲೂಗಡ್ಡೆ ಮುಗಿಸಿದಳು. ಆಮೇಲೆ ಅಪ್ಪ ಹಿಡಿದು ಬಂದ ಕುಂಬಳಕಾಯಿಗೆ ಸಿಕ್ಕ ಮರ್ಯಾದೆ ಒಂದೇ: “ಕಸ.”

ಅವನು ಹೆಂಡತಿಯತ್ತ ತಿರುಗಿದ. “ಅತ್ತೆ ಯಾವಾಗಿಂದ ಇದನ್ನೇ ತಿಂತಾರೆ?”

“ಅಮ್ಮ ಚಿಕ್ಕಂದಿನಿಂದಲೂ ಅಷ್ಟೇ. ಹೋದ ಸಲ ವಾರವೆಲ್ಲ ಇವಳನ್ನ ತೊಡೆ ಮೇಲೆ ಕೂರಿಸ್ಕೊಂಡು ತಿನ್ನಿಸ್ತಿದ್ರಲ್ಲ. ನಾಲ್ಕು ವರ್ಷದಲ್ಲಿ ನೀವು ಅಮ್ಮನ ತಟ್ಟೇನ ಒಂದ್ಸಲನೂ ನೋಡಿಲ್ವಾ?”

ಅತ್ತೆ ಮೊಮ್ಮಗಳ ಬಾಯಿ ಒರೆಸುತ್ತ ಹೆಮ್ಮೆಯಿಂದ ನುಡಿದರು: “ನೋಡಿದ್ರಾ, ನನ್ನ ಕೈಯಲ್ಲಿ ಹೇಗೆ ಗಬಗಬ ತಿಂತಾಳೆ! ಪಾಪ, ನಿಮ್ಮ ಚಿಮಟದಲ್ಲಿ ಮಗು ಹೊಟ್ಟೆ ತುಂಬತ್ತಾ? ನಾನು ಹೋಗಲ್ಲ ಬಿಡಿ. ಆರು ತಿಂಗಳು ಇದ್ದೇ ಹೋಗ್ತೀನಿ.”

ಮೇಷ್ಟ್ರು ಮೇಜಿನ ಒಂದು ತುದಿ ಹಿಡಿದರು, ಟೈಲರಮ್ಮ ಇನ್ನೊಂದು. ಬಚ್ಚಲ ಪಕ್ಕದ ಕತ್ತಲೆ ಓಣಿಗೆ ಹೊರಟಿದ್ದ ಮೇಜಿನ ಹಿಂದೆಯೇ ನಡೆಯುತ್ತ ಅವನು ರಿಪೇರಿ ಪುಸ್ತಕ ತೆರೆದ. ಬೆಳಿಗ್ಗೆ ಖಾಲಿ ಬಿಟ್ಟಿದ್ದ ಜಾಗದಲ್ಲಿ ದುಂಡಗೆ ಬರೆದ: ಅತ್ತೆ.